ಒಂದು ಪದ, ಒಂದು ತೀರ್ಪು, ಒಂದು ಪಾಸು

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಅಂಗಿ ಜೇಬಿನಲ್ಲಿ ಬಿಎಂಟಿಸಿಯ ತಿಂಗಳ ಪಾಸು ಇರುತ್ತಿತ್ತು. ಅದರ ಜೊತೆಗಿನ ಐಡಿ ಕಾರ್ಡಿನಲ್ಲಿದ್ದ ಫೋಟೋ ನೋಡಿದರೆ ನಮ್ಮಮ್ಮನಿಗೂ ನನ್ನ ಗುರುತು ಸಿಗುತ್ತಿರಲಿಲ್ಲ, ಆ ಮಾತು ಬೇರೆ :-) ಆದರೆ ಆ ಪಾಸು ಇದ್ದ ಎರಡು ವರ್ಷದಲ್ಲಿ ನಾನು ನೋಡಿದಷ್ಟು ಬೆಂಗಳೂರನ್ನು ಬೈಕು ಕೊಂಡ ಮೇಲೆ ನೋಡಿಲ್ಲ. ಭಾನುವಾರ ಊಟ ಮುಗಿಸಿ, ಮೊದಲು ಬಂದ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಚೆನ್ನಾಗಿ ಕಂಡ ಕಡೆ ಇಳಿದು ಸುತ್ತಾಡಿ, ಮತ್ತೊಂದು ಬಸ್ಸು ಹತ್ತಿ ಬರುವುದು. "ಅಲ್ಲಿಗೆ ಹೋಗೋಕೆ ಎಷ್ಟಾಗುತ್ತೆ?" ಅನ್ನುವ ಪ್ರಶ್ನೆಯೇ ತಲೆಗೆ ಬರುತ್ತಿರಲಿಲ್ಲ. ಪಾಸು ಅಂದರೆ ರಿಯಾಯಿತಿ ಅಂದುಕೊಂಡಿದ್ದೆ. ಅದು ಅದಕ್ಕಿಂತ ದೊಡ್ಡದು ಅಂತ ಗೊತ್ತಾಗಿದ್ದು ಬಹಳ ತಡವಾಗಿ, ಬಹಳ ದೂರದಲ್ಲಿ.

2024ರಲ್ಲಿ ಕಂಪನಿಯ ಕೆಲಸದ ಮೇಲೆ ನಾಲ್ಕು ತಿಂಗಳು ಲಂಡನ್ನಿಗೆ ಹೋಗಿದ್ದೆ. ನಮ್ಮ ಕಡೆಯ ಎಲ್ಲರ ಹಾಗೆ ನಾನೂ ಈಸ್ಟ್ ಹ್ಯಾಮಿನಲ್ಲಿ ರೂಮು ಹಿಡಿದಿದ್ದೆ. ದೋಸೆ ಸಿಗುತ್ತದೆ, ದೇವಸ್ಥಾನ ಇದೆ, ಇನ್ನೇನು ಬೇಕು? ಆಫೀಸು ಕೆನರಿ ವಾರ್ಫಿನಲ್ಲಿ. ದಿನಾ ಬ್ಯಾಂಕ್ ಕಾರ್ಡನ್ನು ಗೇಟಿಗೆ ತಾಗಿಸಿ ಒಳಗೆ ಹೋಗುವುದು, ತಾಗಿಸಿ ಹೊರಗೆ ಬರುವುದು. ಸೋಮವಾರದಿಂದ ಭಾನುವಾರದವರೆಗೆ ಇಷ್ಟು ಅಂತ ಒಂದು ಮಿತಿ. ಅದು ಮುಟ್ಟಿದ ಮೇಲೆ ಆ ವಾರ ಅದೇ ಝೋನುಗಳಲ್ಲಿ ಎಷ್ಟು ಓಡಾಡಿದರೂ ಇನ್ನೊಂದು ಪೆನ್ನಿ ಕತ್ತರಿಸುವುದಿಲ್ಲ. ಪಾಸು ಕೊಳ್ಳದೆಯೇ ಪಾಸು! ಇದರ ಹಿಂದಿರುವ ಸಾಫ್ಟ್‌ವೇರ್ ನೆನೆದು ಆಫೀಸಿನಲ್ಲಿ ಹೊಗಳುತ್ತಿದ್ದಾಗ, ನಮ್ಮ ತಂಡದಲ್ಲಿದ್ದ ನಿವೃತ್ತಿಗೆ ಹತ್ತಿರವಿದ್ದ ಹಿರಿಯರೊಬ್ಬರು ನಕ್ಕು, ಇದು ಸಾಫ್ಟ್‌ವೇರಿನಿಂದ ಶುರುವಾಗಿದ್ದಲ್ಲಪ್ಪ, ಕೋರ್ಟು ಕೇಸಿನಿಂದ ಶುರುವಾಗಿದ್ದು ಅಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, ಕೇಸು ಹಾಕಿದ್ದು ನಮ್ಮ ಬ್ರಾಮ್ಲಿಯವರೇ ಅಂತ ಸೇರಿಸಿದರು.

ಆ ದಿನದಿಂದ ಹಿಡಿದ ಹುಚ್ಚು ಇದು. ಆ ತೀರ್ಪನ್ನೂ ಅದರ ಸುತ್ತಲಿನ ಇತಿಹಾಸವನ್ನೂ ಓದುತ್ತಾ ಹೋದೆ. ನಮ್ಮ ಬೆಂಗಳೂರಿಗೂ ಬೇಕಾದ ಕಥೆ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಕಾಲು ಭಾಗ ಕಡಿಮೆ

ಆಗ ಲಂಡನ್ನಿನಲ್ಲಿ ಗ್ರೇಟರ್ ಲಂಡನ್ ಕೌನ್ಸಿಲ್ ಅಂತ ಇತ್ತು. ಇಡೀ ನಗರಕ್ಕೆ ಚುನಾಯಿತ ಕೌನ್ಸಿಲ್. ಅದರ ಕೆಳಗೆ ಬರೋ ಎನ್ನುವ 32 ಸ್ಥಳೀಯ ಆಡಳಿತಗಳು, ಜೊತೆಗೆ ಹಳೆಯ ಸಿಟಿ. 1969ರ ಒಂದು ಕಾಯ್ದೆಯ ಪ್ರಕಾರ ಬಸ್ಸು ಮತ್ತು ಟ್ಯೂಬ್ ರೈಲಿನ ನೀತಿ ಈ ದೊಡ್ಡ ಕೌನ್ಸಿಲಿನ ಕೈಯಲ್ಲಿತ್ತು. ಓಡಿಸುವ ಕೆಲಸ ಲಂಡನ್ ಟ್ರಾನ್ಸ್‌ಪೋರ್ಟ್ ಸಂಸ್ಥೆಯದು.

ಎಪ್ಪತ್ತರ ದಶಕ ಪೂರ್ತಿ ಒಂದು ವಿಷಚಕ್ರ ನಡೆದಿತ್ತು. ಖರ್ಚು ಏರಿತು ಅಂತ ದರ ಏರಿಸುವುದು. ದರ ಏರಿತು ಅಂತ ಜನ ಬಿಟ್ಟು ಹೋಗುವುದು. ಜನ ಬಿಟ್ಟರು ಅಂತ ಬಸ್ಸು ಕಡಿಮೆ ಮಾಡುವುದು. ಬಸ್ಸು ಸರಿಯಾಗಿ ಬರುವುದಿಲ್ಲ ಅಂತ ಇನ್ನಷ್ಟು ಜನ ಕಾರು ಕೊಳ್ಳುವುದು. ಎಲ್ಲೋ ಕೇಳಿದ ಹಾಗಿದೆಯಲ್ಲವೇ?

1981ರ ಮೇ 7ರಂದು ಕೌನ್ಸಿಲ್ ಚುನಾವಣೆ. ದರವನ್ನು ಶೇಕಡಾ 25 ಇಳಿಸುತ್ತೇವೆ ಅಂತ ಲೇಬರ್ ಪಕ್ಷ ಪ್ರಣಾಳಿಕೆಯಲ್ಲಿ ಮಾತು ಕೊಟ್ಟಿತ್ತು. ಗೆದ್ದಿತು. ಗೆದ್ದ ಮರುದಿನವೇ ಪಕ್ಷದ ಒಳಗೆ ಮತ ಹಾಕಿ, ಚುನಾವಣೆಗೆ ನಾಯಕರಾಗಿದ್ದ ಆಂಡ್ರ್ಯೂ ಮ್ಯಾಕಿಂಟಾಷ್ ಅವರನ್ನು ಇಳಿಸಿ ಕೆನ್ ಲಿವಿಂಗ್‌ಸ್ಟನ್ ಅವರನ್ನು ನಾಯಕರನ್ನಾಗಿ ಮಾಡಿದರು. ರಾಜಕೀಯ ಎಲ್ಲ ಊರಲ್ಲೂ ಒಂದೇ!

ಅಕ್ಟೋಬರ್ 4ರಿಂದ ಹೊಸ ದರ ಜಾರಿಗೆ ಬಂತು. ಈ ಯೋಜನೆಯ ಹೆಸರು 'ಫೇರ್ಸ್ ಫೇರ್'. ದರ ಅನ್ನುವುದಕ್ಕೂ ನ್ಯಾಯ ಅನ್ನುವುದಕ್ಕೂ ಇಂಗ್ಲಿಷಿನಲ್ಲಿ ಉಚ್ಚಾರ ಒಂದೇ ಆಗಿರುವುದರಿಂದ ಹುಟ್ಟಿದ ಶ್ಲೇಷೆ. ದರ ಇಳಿಸಿದ್ದರ ಜೊತೆಗೆ ನಗರದ ನಡುವಿನ ಟ್ಯೂಬ್ ನಿಲ್ದಾಣಗಳನ್ನು ಸಿಟಿ, ವೆಸ್ಟ್ ಎಂಡ್ ಅಂತ ಎರಡು ಝೋನುಗಳಾಗಿ ಮಾಡಿದರು. ಆಗ ಈ ಝೋನುಗಳ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಕಥೆಯಲ್ಲಿ ಕೊನೆಗೆ ಉಳಿಯುವುದು ಇವೇ.

ಇಳಿಸಿದ ದರದ ನಷ್ಟ ತುಂಬುವವರು ಯಾರು? ಮನೆ, ಅಂಗಡಿ, ಕಚೇರಿಗಳ ಮೇಲೆ 'ರೇಟ್ಸ್' ಅಂತ ಒಂದು ತೆರಿಗೆ ಇತ್ತು, ನಮ್ಮ ಕಂದಾಯದ ಹಾಗೆ. ಕಟ್ಟಡದ ತೆರಿಗೆ ಮೌಲ್ಯದ ಪ್ರತಿ ಪೌಂಡಿಗೆ 6.1 ಪೆನ್ನಿ ಹೆಚ್ಚುವರಿ ಕೊಡಿ ಅಂತ ಕೌನ್ಸಿಲ್ ಎಲ್ಲ ಬರೋಗಳಿಗೂ ಹೇಳಿತು. ಇನ್ನೊಂದು ತೊಡಕೂ ಇತ್ತು. ಆಗ ಮಾರ್ಗರೆಟ್ ಥ್ಯಾಚರ್ ಸರ್ಕಾರ. ಸ್ಥಳೀಯ ಸಂಸ್ಥೆಗಳು ಮಿತಿ ಮೀರಿ ಖರ್ಚು ಮಾಡಿದರೆ ಕೇಂದ್ರದ ಅನುದಾನ ಕತ್ತರಿಸುವ ನಿಯಮ ಇತ್ತು. ಹಾಗಾಗಿ ದರ ಇಳಿಸಿದ ನಷ್ಟದ ಮೇಲೆ ಸುಮಾರು 5 ಕೋಟಿ ಪೌಂಡ್ ಅನುದಾನವೂ ಕೈಬಿಡುವ ಲೆಕ್ಕ. ಅದೂ ತೆರಿಗೆದಾರರ ತಲೆಯ ಮೇಲೆಯೇ.

ಟ್ಯೂಬ್ ಇಲ್ಲದ ಊರು

ಬ್ರಾಮ್ಲಿ ಲಂಡನ್ನಿನ ಆಗ್ನೇಯಕ್ಕಿರುವ ದೊಡ್ಡ ಬರೋ. ಆಗ ಅಲ್ಲಿ ಕನ್ಸರ್ವೇಟಿವ್ ಪಕ್ಷದ ಆಡಳಿತ. ಆ ಬರೋದಲ್ಲಿ ಒಂದೇ ಒಂದು ಟ್ಯೂಬ್ ನಿಲ್ದಾಣವೂ ಇರಲಿಲ್ಲ (ಈಗಲೂ ಇಲ್ಲ). ಅಲ್ಲಿನವರು ಕೆಲಸಕ್ಕೆ ಹೋಗುತ್ತಿದ್ದುದು ಬ್ರಿಟಿಷ್ ರೈಲಿನಲ್ಲಿ. ಅದರ ದರವೇನೂ ಇಳಿದಿರಲಿಲ್ಲ. ನಮಗಿಲ್ಲದ ಟ್ಯೂಬಿಗೆ ನಾವೇಕೆ ಕಂದಾಯ ಕಟ್ಟಬೇಕು ಅಂತ ಕೋರ್ಟಿಗೆ ಹೋದರು.

ನಿಜ ಹೇಳಬೇಕೆಂದರೆ ಅವರ ಮಾತಿನಲ್ಲಿ ಅರ್ಥವೇ ಇಲ್ಲ ಅನ್ನುವಂತಿಲ್ಲ. ಕೋಲಾರದವನೋ ರಾಯಚೂರಿನವನೋ ಬೆಂಗಳೂರಿನ ಮೆಟ್ರೋಗೆ ನನ್ನ ತೆರಿಗೆ ಯಾಕೆ ಅಂತ ಕೇಳಿದರೆ ನಾವು ಏನು ಹೇಳುತ್ತೇವೆ? ಬ್ರಾಮ್ಲಿಯ ರಸ್ತೆಗಳಲ್ಲಿ ಲಂಡನ್ನಿನ ಕೆಂಪು ಬಸ್ಸು ಓಡುತ್ತಿತ್ತು, ಟ್ಯೂಬಿನಲ್ಲಿ ಜನ ಹೆಚ್ಚು ಹೋದರೆ ರಸ್ತೆಯಲ್ಲಿ ಕಾರು ಕಡಿಮೆಯಾಗಿ ಎಲ್ಲರಿಗೂ ಲಾಭ ಅನ್ನುವ ಉತ್ತರ ಇದೆ. ಆದರೆ ಅದು ಕಣ್ಣಿಗೆ ಕಾಣದ ಲಾಭ. ಕಂದಾಯದ ಚೀಟಿ ಕಣ್ಣಿಗೆ ಕಾಣುತ್ತದೆ.

ಮೊದಲ ಹಂತದಲ್ಲಿ ಬ್ರಾಮ್ಲಿ ಸೋತಿತು. ನವೆಂಬರ್ 10ರಂದು ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದಿತು. ಆ ಪೀಠದಲ್ಲಿದ್ದವರು ಲಾರ್ಡ್ ಡೆನಿಂಗ್. ಪ್ರಣಾಳಿಕೆಯಲ್ಲಿ ಹೇಳಿದೆವು ಅನ್ನುವ ಒಂದೇ ಕಾರಣಕ್ಕೆ ಕಣ್ಣು ಮುಚ್ಚಿ ಜಾರಿ ಮಾಡಬೇಕಿಲ್ಲ, ಅಧಿಕಾರಕ್ಕೆ ಬಂದ ಮೇಲೆ ಮತ್ತೆ ಯೋಚಿಸಬೇಕು ಎನ್ನುವುದು ಅವರ ನಿಲುವು. ಕೌನ್ಸಿಲ್ ಅಂದಿನ ಸರ್ವೋಚ್ಚ ನ್ಯಾಯಸ್ಥಾನವಾದ ಹೌಸ್ ಆಫ್ ಲಾರ್ಡ್ಸ್‌ಗೆ ಹೋಯಿತು. ಡಿಸೆಂಬರ್ 17ರಂದು ಐವರು ಲಾರ್ಡ್‌ಗಳೂ ಒಂದೇ ತೀರ್ಮಾನಕ್ಕೆ ಬಂದರು: ದರ ಇಳಿಸಿದ್ದು ಕಾನೂನುಬಾಹಿರ.

ಒಂದೇ ಪದ

ಇಲ್ಲಿ ನನ್ನಂಥ ಇಂಜಿನಿಯರಿಗೆ ನಿದ್ದೆಗೆಡಿಸುವ ವಿಷಯ ಬರುತ್ತದೆ. 1969ರ ಕಾಯ್ದೆಯ ಮೊದಲ ಕಲಮಿನಲ್ಲಿ ಕೌನ್ಸಿಲಿನ ಕರ್ತವ್ಯ ಏನು ಅಂತ ಬರೆದಿದೆ. ಒಂದಕ್ಕೊಂದು ಹೊಂದಿಕೊಂಡ, ದಕ್ಷವಾದ ಮತ್ತು 'ಎಕನಾಮಿಕ್' ಆದ ಸಾರಿಗೆ ಒದಗಿಸುವುದು. ಈ ಎಕನಾಮಿಕ್ ಅಂದರೇನು? ಕೌನ್ಸಿಲಿನ ಪ್ರಕಾರ ನಗರದ ಒಟ್ಟಾರೆ ಆರ್ಥಿಕತೆಗೆ ಒಳ್ಳೆಯದಾಗುವಂಥದ್ದು. ಬ್ರಾಮ್ಲಿಯ ಪ್ರಕಾರ ಖರ್ಚು ಹುಟ್ಟಿಸಿಕೊಳ್ಳುವಂಥದ್ದು, ವ್ಯವಹಾರದ ರೀತಿಯಲ್ಲಿ ನಡೆಸುವಂಥದ್ದು. ಲಾರ್ಡ್‌ಗಳು ಒಬ್ಬೊಬ್ಬರು ಒಂದೊಂದು ರೀತಿ ವಿವರಿಸಿದರೂ ಒಟ್ಟಿನಲ್ಲಿ ವಾಲಿದ್ದು ಬ್ರಾಮ್ಲಿಯ ಕಡೆಗೆ. ತೆರಿಗೆ ಕಟ್ಟುವವರ ಹಣಕ್ಕೆ ಕೌನ್ಸಿಲ್ ಧರ್ಮದರ್ಶಿಯ ಹಾಗೆ, ಪ್ರಯಾಣಿಕರ ಹಿತಕ್ಕೂ ತೆರಿಗೆದಾರರ ಹಿತಕ್ಕೂ ತಕ್ಕಡಿ ತೂಗಬೇಕಿತ್ತು, ಅನುದಾನ ಕಳೆದುಕೊಳ್ಳುವುದು ಗೊತ್ತಿದ್ದೂ ಮುಂದುವರಿದಿದ್ದು ತಪ್ಪು ಅಂದರು.

ಇದೇ ಕಾಲಕ್ಕೆ ಲಿವರ್‌ಪೂಲ್ ಸುತ್ತಲಿನ ಮರ್ಸಿಸೈಡಿನಲ್ಲೂ ದರ ಇಳಿಸಿದ್ದರು. ಒಂದು ದೊಡ್ಡ ವ್ಯಾಪಾರಿ ಕಂಪನಿ ಅಲ್ಲೂ ಕೇಸು ಹಾಕಿತು. 1982ರಲ್ಲಿ ಆ ಕೇಸು ಬಿದ್ದುಹೋಯಿತು! ಯಾಕೆ? ಲಂಡನ್ನಿನ ಹೊರಗಿನ ನಗರಗಳಿಗೆ ಅನ್ವಯಿಸುತ್ತಿದ್ದುದು 1968ರ ಬೇರೆ ಕಾಯ್ದೆ. ಅದರ ಪದಗಳೇ ಬೇರೆ. ಶೆಫೀಲ್ಡ್ ಇರುವ ಸೌತ್ ಯಾರ್ಕ್‌ಷೈರಿನಲ್ಲಂತೂ 1975ರಿಂದ 1986ರವರೆಗೆ ಬಸ್ ದರವನ್ನು ಏರಿಸಲೇ ಇಲ್ಲ. ಅದೇ ದೇಶ, ಅದೇ ಪಕ್ಷ, ಅದೇ ನೀತಿ. ಕಾಯ್ದೆಯ ಸಾಲುಗಳು ಬೇರೆಯಾದ್ದರಿಂದ ಒಂದು ಕಡೆ ಅಪರಾಧ, ಇನ್ನೊಂದು ಕಡೆ ಸರಿ. ರಿಕ್ವೈರ್‌ಮೆಂಟ್ ಡಾಕ್ಯುಮೆಂಟಿನಲ್ಲಿ ಒಂದು ಪದ ಸಡಿಲವಾಗಿ ಬರೆದು ಆಮೇಲೆ ಆರು ತಿಂಗಳು ಒದ್ದಾಡಿದ ಅನುಭವ ಇರುವ ಗೆಳೆಯರಿಗೆ ಇದು ಬೇಗ ಅರ್ಥವಾಗುತ್ತದೆ.

1982ರ ಮಾರ್ಚ್ 21ರಂದು ಲಂಡನ್ನಿನ ದರ ಹೆಚ್ಚುಕಡಿಮೆ ಎರಡರಷ್ಟಾಯಿತು. ಕೊಡಲಾಗದು, ಕೊಡುವುದಿಲ್ಲ ಅಂತ ಜನ ಪ್ರತಿಭಟಿಸಿದರು. ಆ ವರ್ಷ ಟ್ಯೂಬಿನ ಪ್ರಯಾಣಗಳ ಸಂಖ್ಯೆ ಸುಮಾರು 50 ಕೋಟಿಗೆ ಕುಸಿಯಿತು. ಐದೂವರೆ ತಿಂಗಳಲ್ಲಿ ಒಂದು ಒಳ್ಳೆಯ ಕನಸು ಶುರುವಾಗಿ ಮುಗಿದೂ ಹೋಯಿತು.

ಸೋತವರು ಮಾಡಿದ ಕೆಲಸ

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಕೌನ್ಸಿಲ್ ಬೈಯುತ್ತಾ ಕೂರಲಿಲ್ಲ. ತೀರ್ಪನ್ನು ಮತ್ತೆ ಓದಿತು. ಸಹಾಯಧನವೇ ತಪ್ಪು ಅಂತ ಲಾರ್ಡ್‌ಗಳು ಹೇಳಿರಲಿಲ್ಲ, ತೂಗಿ ನೋಡದೆ ಮಾಡಿದ್ದು ತಪ್ಪು ಅಂದಿದ್ದರು. ಸರಿ, ಈ ಸಲ ತೂಗಿದರು. ಯಾರಿಗೆ ಎಷ್ಟು ಲಾಭ, ಯಾರಿಗೆ ಎಷ್ಟು ಹೊರೆ, ದರ ಇಷ್ಟಿದ್ದರೆ ಎಷ್ಟು ಜನ ಬರುತ್ತಾರೆ ಅಂತ ಎಲ್ಲದಕ್ಕೂ ಲೆಕ್ಕ ಹಾಕಿ ಹೊಸ ಯೋಜನೆ ಮಾಡಿದರು. 1983ರ ಆರಂಭದಲ್ಲಿ ಕೋರ್ಟು ಇದನ್ನು ಒಪ್ಪಿತು. ಮೇ ತಿಂಗಳಲ್ಲಿ ದರ ಮತ್ತೆ ಸುಮಾರು ಕಾಲು ಭಾಗ ಇಳಿಯಿತು.

ಅದೇ ದಿನಗಳಲ್ಲಿ ಇನ್ನೊಂದು ವಸ್ತು ಮಾರಾಟಕ್ಕೆ ಬಂತು. ಅದರ ಹೆಸರು ಟ್ರಾವೆಲ್‌ಕಾರ್ಡ್.

ಅಲ್ಲಿಯವರೆಗೆ ಬಸ್ಸಿಗೆ ಬೇರೆ ಪಾಸು. ಟ್ಯೂಬಿಗೆ ಇಂಥ ನಿಲ್ದಾಣದಿಂದ ಇಂಥ ನಿಲ್ದಾಣಕ್ಕೆ ಅಂತ ಸೀಸನ್ ಟಿಕೆಟ್ಟು. ಟ್ಯೂಬಿನಿಂದ ಇಳಿದು ಬಸ್ಸು ಹತ್ತಿದರೆ ಮತ್ತೆ ದುಡ್ಡು. ಈಗ ನಗರವನ್ನು ಈರುಳ್ಳಿಯ ಪದರಗಳ ಹಾಗೆ ಝೋನುಗಳಾಗಿ ಮಾಡಿ, ಬೇಕಾದ ಝೋನುಗಳಿಗೆ ಒಂದೇ ಕಾರ್ಡು ಕೊಟ್ಟರು. ಅದರೊಳಗೆ ಯಾವ ಬಸ್ಸು, ಯಾವ ಟ್ಯೂಬ್, ಎಷ್ಟು ಸಲ ಬೇಕಾದರೂ. ಜೊತೆಗೆ ಫೋಟೋ ಇರುವ ಒಂದು ಐಡಿ ಕಾರ್ಡು (ಅವರ ಫೋಟೋಗಳೂ ನನ್ನ ಫೋಟೋದಂತೆಯೇ ಇದ್ದವೋ ಏನೋ). ಇದೇನೂ ಲಂಡನ್ನಿನ ಸ್ವಂತ ಕಲ್ಪನೆಯಲ್ಲ. ಪ್ಯಾರಿಸ್ಸಿನಲ್ಲಿ 1975ರಲ್ಲೇ 'ಕಾರ್ಟ್ ಒರಾಂಜ್' ಎಂಬ ಇಂಥದೇ ಪಾಸು ಬಂದಿತ್ತು.

1985ರಲ್ಲಿ ಬ್ರಿಟಿಷ್ ರೈಲನ್ನೂ ಸೇರಿಸಿ ಕ್ಯಾಪಿಟಲ್‌ಕಾರ್ಡ್ ಬಂತು. ಅಂದರೆ ಕೇಸು ಹಾಕಿದ ಬ್ರಾಮ್ಲಿಯವರಿಗೂ ಈಗ ಅದರಲ್ಲಿ ಪಾಲು! 1989ರಲ್ಲಿ ಎರಡೂ ಸೇರಿ ಮತ್ತೆ ಟ್ರಾವೆಲ್‌ಕಾರ್ಡ್ ಎಂಬ ಒಂದೇ ಹೆಸರಾಯಿತು. 1982ರಲ್ಲಿ 50 ಕೋಟಿಗೆ ಇಳಿದಿದ್ದ ಟ್ಯೂಬ್ ಪ್ರಯಾಣಗಳು ಆ ದಶಕದ ಕೊನೆಗೆ 80 ಕೋಟಿಯ ಹತ್ತಿರ ಬಂದಿದ್ದವು. ಎಲ್ಲವೂ ಪಾಸಿನ ಮಹಿಮೆ ಅಲ್ಲ, ಲಂಡನ್ನಿನಲ್ಲಿ ಕೆಲಸಗಳೂ ಹೆಚ್ಚಾದವು. ಆದರೆ ಪಾಸಿನದೂ ದೊಡ್ಡ ಪಾಲು.

ಈ ನಡುವೆ ರಾಜಕೀಯ ತನ್ನ ಕೆಲಸ ಮಾಡುತ್ತಲೇ ಇತ್ತು. 1984ರ ಜೂನಿನಲ್ಲಿ ಥ್ಯಾಚರ್ ಸರ್ಕಾರ ಸಾರಿಗೆಯನ್ನು ಕೌನ್ಸಿಲಿನ ಕೈಯಿಂದ ಕಿತ್ತುಕೊಂಡಿತು. 1986ರ ಮಾರ್ಚ್ 31ಕ್ಕೆ ಕೌನ್ಸಿಲನ್ನೇ ರದ್ದು ಮಾಡಿತು. ಮಾಡಿದವರು ಹೋದರು, ಪಾಸು ಉಳಿಯಿತು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. 2000ದಲ್ಲಿ ಲಂಡನ್ನಿಗೆ ಮೇಯರ್ ಹುದ್ದೆ ಬಂದಾಗ ಗೆದ್ದವರು ಅದೇ ಕೆನ್ ಲಿವಿಂಗ್‌ಸ್ಟನ್. 2003ರಲ್ಲಿ ಆಯ್‌ಸ್ಟರ್ ಕಾರ್ಡ್, 2005ರಲ್ಲಿ ಆ ಕಾರ್ಡಿಗೆ ದಿನದ ಮಿತಿ, 2012ರ ಕೊನೆಗೆ ಬಸ್ಸಿನಲ್ಲಿ ಮತ್ತು 2014ರಲ್ಲಿ ಟ್ಯೂಬಿನಲ್ಲಿ ಬ್ಯಾಂಕ್ ಕಾರ್ಡ್. ಈಸ್ಟ್ ಹ್ಯಾಮಿನ ಗೇಟಿನಲ್ಲಿ ನಾನು ತಾಗಿಸುತ್ತಿದ್ದ ಕಾರ್ಡಿನ ಹಿಂದಿನ ಝೋನು, ವಾರದ ಮಿತಿ ಎಲ್ಲದರ ಮೂಲ ಆ 1983ರ ಕಾಗದದ ಕಾರ್ಡಿನಲ್ಲಿದೆ. ಆ ಹಿರಿಯರು ನಕ್ಕಿದ್ದು ಅದಕ್ಕೇ.

ಉಳಿದಿದ್ದು ಯಾಕೆ?

ದರ ಇಳಿಸಿದ್ದು ಐದೂವರೆ ತಿಂಗಳಿಗೆ ಬಿತ್ತು. ಪಾಸು ನಾಲ್ಕು ದಶಕ ದಾಟಿತು. ಎರಡೂ ಒಬ್ಬರೇ ತಂದಿದ್ದು, ಎರಡಕ್ಕೂ ಹಣ ಬೇಕಾಗಿದ್ದು ಒಂದೇ ಹುಂಡಿಯಿಂದ. ಮತ್ತೆ ಯಾಕೆ ಹೀಗೆ?

ನನಗನ್ನಿಸುವುದು ಇಷ್ಟು. ಕಡಿಮೆ ದರ ಒಂದು ಸಂಖ್ಯೆ. ಯಾರು ಬೇಕಾದರೂ ಪೆನ್ನು ತೆಗೆದು ತಿದ್ದಬಹುದು. ಪಾಸು ಮಾತ್ರ ಜನರ ಅಭ್ಯಾಸವನ್ನು ಬದಲಿಸುತ್ತದೆ. ಪ್ರತಿ ಸಲ ಚಿಲ್ಲರೆ ಎಣಿಸುವವನು ಪ್ರತಿ ಸಲ 'ಹೋಗಲೋ ಬೇಡವೋ' ಅಂತ ತೀರ್ಮಾನ ಮಾಡುತ್ತಾನೆ. ಪಾಸು ಇರುವವನು ತಿಂಗಳಿಗೊಮ್ಮೆ ತೀರ್ಮಾನ ಮಾಡಿ ಆಮೇಲೆ ಮರೆತುಬಿಡುತ್ತಾನೆ. ಜನ ಖಾಲಿ ಹೊತ್ತಿನಲ್ಲೂ ಬರುತ್ತಾರೆ, ಟಿಕೆಟ್ ಕಿಟಕಿಯ ಮುಂದೆ ಸಾಲು ಕರಗುತ್ತದೆ, ಬಸ್ಸು ನಿಲ್ದಾಣದಲ್ಲಿ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ. ಓಡಿಸುವ ಸಂಸ್ಥೆಗೆ ತಿಂಗಳ ಮೊದಲೇ ದುಡ್ಡು ಸಿಗುತ್ತದೆ. ಲಾಭ ಪ್ರಯಾಣಿಕನಿಗೂ ಸಂಸ್ಥೆಗೂ ಕಣ್ಣಿಗೆ ಕಾಣುತ್ತದೆ. ಕಂಡದ್ದನ್ನು ಕಿತ್ತುಕೊಳ್ಳುವುದು ಕಷ್ಟ.

ಈಗ ನಮ್ಮೂರಿಗೆ ಬರೋಣ. 2025ರ ಜನವರಿ 5ರಿಂದ ಬಿಎಂಟಿಸಿ ಸೇರಿ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಬಸ್ ದರ ಶೇಕಡಾ 15 ಏರಿತು. ಫೆಬ್ರವರಿ 9ರಿಂದ ನಮ್ಮ ಮೆಟ್ರೋ ದರ ಏರಿ, ಗರಿಷ್ಠ ದರ 60 ರೂಪಾಯಿಯಿಂದ 90 ಆಯಿತು. ಕೆಲವು ಕಡೆ ಏರಿಕೆ ಹೆಚ್ಚುಕಡಿಮೆ ಎರಡರಷ್ಟಾಗಿದೆ ಅಂತ ಗಲಾಟೆಯಾಗಿ, ಶೇಕಡಾ 71 ಮೀರದಂತೆ ತಿದ್ದಿದರು. ಪ್ರಯಾಣಿಕರ ಸಂಖ್ಯೆಯೂ ಆಗ ಇಳಿಯಿತು. ಈ ದರ ನಿಗದಿ ಮಾಡಿದ್ದು ಯಾರು ಅಂತ ಎಲ್ಲರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿದ್ದು ನೆನಪಿರಬಹುದು. ನಿಜವಾದ ಉತ್ತರ 2002ರ ಮೆಟ್ರೋ ಕಾಯ್ದೆಯಲ್ಲಿದೆ. ದರ ನಿಗದಿ ಸಮಿತಿ ಶಿಫಾರಸು ಮಾಡಿದರೆ ಅದು ಮೆಟ್ರೋ ಆಡಳಿತಕ್ಕೆ ಕಡ್ಡಾಯ. ನೋಡಿ, ಇಲ್ಲೂ ಕಾಯ್ದೆಯ ಒಂದು ಸಾಲು! ನಾವು ಮಾತ್ರ ದರ ಏರಿದ ದಿನ ಎದ್ದು ಕೂಗುತ್ತೇವೆ. ಆ ಸಾಲು ಬರೆಯುವ ದಿನ ಮಲಗಿರುತ್ತೇವೆ.

ನನ್ನ ಪರ್ಸಿನಲ್ಲಿ ಆಗ ಬಸ್ಸಿನ ಪಾಸೂ ಇತ್ತು, ಮೆಟ್ರೋ ಕಾರ್ಡೂ ಇತ್ತು. ಎರಡೂ ಒಂದಕ್ಕೊಂದು ಪರಿಚಯವಿಲ್ಲದ ಬಾಡಿಗೆದಾರರ ಹಾಗೆ. ಮೆಟ್ರೋ ಇಳಿದು ಬಸ್ಸು ಹತ್ತಿದರೆ ಮತ್ತೆ ಲೆಕ್ಕ. ಆ ಲೆಕ್ಕ ಬೇಸರವಾಗಿಯೇ ಒಂದು ದಿನ ಬೈಕು ಕೊಂಡೆ. ಸಿಲ್ಕ್ ಬೋರ್ಡಿನ ಜಾಮಿಗೆ ನನ್ನದೂ ಒಂದು ಅಳಿಲು ಸೇವೆ.

ಕೊನೆಗೆ ಅಮ್ಮನ ವಿಷಯ. ಅಮ್ಮ ಇರುವುದು ತಿಪಟೂರಿನಲ್ಲಿ, ದೊಡ್ಡಮ್ಮ ಅರಸೀಕೆರೆಯಲ್ಲಿ. ಮೊದಲು ಹಬ್ಬಕ್ಕೋ ಹರಿದಿನಕ್ಕೋ ನೋಡಿಕೊಂಡು ಬರುತ್ತಿದ್ದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ, ಮನಸ್ಸಾದಾಗ ಆಧಾರ್ ಕಾರ್ಡು ಹಿಡಿದು ಹೊರಡುತ್ತಾರೆ. "ಸುಮ್ನೆ ಅಕ್ಕನ್ನ ಮಾತಾಡಿಸ್ಕೊಂಡು ಬಂದೆ ಕಣೋ" ಅನ್ನುತ್ತಾರೆ ಫೋನಿನಲ್ಲಿ. ಆ 'ಸುಮ್ನೆ' ಇದೆಯಲ್ಲ, ಅದೇ ನನ್ನ ಭಾನುವಾರದ ಬಸ್ಸು, ಅದೇ ಟ್ರಾವೆಲ್‌ಕಾರ್ಡ್. ಎಷ್ಟಾಗುತ್ತೆ ಅಂತ ಎಣಿಸದೆ ಮನೆಯಿಂದ ಹೊರಗೆ ಕಾಲಿಡುವುದು.

ಶಕ್ತಿಯ ಬಗ್ಗೆ ಆಫೀಸಿನಲ್ಲಿ ದೊಡ್ಡ ಚರ್ಚೆಗಳಾಗುತ್ತವೆ. "ನಾನ್ಯಾಕೆ ತೆರಿಗೆ ಕಟ್ಟಬೇಕು?" ಅನ್ನುವ ಗೆಳೆಯರಲ್ಲಿ ಈಗ ನನಗೆ ಬ್ರಾಮ್ಲಿ ಕಾಣುತ್ತದೆ. ಅವರ ಮೇಲೆ ನನಗೆ ಕೋಪವಿಲ್ಲ. ಪ್ರಶ್ನೆ ಸರಿಯಾದದ್ದೇ. ಲಂಡನ್ನಿನವರು ಮೊದಲ ಸಲ ಅದಕ್ಕೆ ಉತ್ತರ ಕೊಡದೆ ಸೋತರು, ಎರಡನೇ ಸಲ ಲೆಕ್ಕ ಬರೆದು ಉತ್ತರ ಕೊಟ್ಟು ಗೆದ್ದರು. ನಮ್ಮಲ್ಲೂ ಯಾರಿಗೆ ಎಷ್ಟು ಉಪಯೋಗವಾಯಿತು, ಎಷ್ಟು ಖರ್ಚಾಯಿತು, ನಿಗಮಗಳಿಗೆ ಸರ್ಕಾರದ ದುಡ್ಡು ಸಮಯಕ್ಕೆ ಸರಿಯಾಗಿ ಹೋಯಿತೇ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆದಿಟ್ಟರೆ, ಮುಂದೆ ಯಾವ ಸರ್ಕಾರ ಬಂದರೂ ಅಮ್ಮನ 'ಸುಮ್ನೆ'ಯನ್ನು ಮುಟ್ಟುವುದು ಕಷ್ಟವಾಗುತ್ತದೆ. ಬರೆದಿಡದಿದ್ದರೆ ಒಂದು ಪೆನ್ನು ಸಾಕು.

ನಿಮ್ಮ ಜೇಬಿನಲ್ಲಿದ್ದ ಹಳೆಯ ಪಾಸು ನಿಮ್ಮನ್ನು ಎಲ್ಲೆಲ್ಲಿಗೆ ಕರೆದುಕೊಂಡು ಹೋಗಿತ್ತು? ನೆನಪಾದರೆ ನೀವೂ ಬರೆಯಿರಿ. ಫೋಟೋ ಇದ್ದರೆ ಹಾಕಿ, ನಗುವುದಿಲ್ಲ ಅಂತ ಮಾತು ಕೊಡುತ್ತೇನೆ :-)